20ರ ಗೆರೆಯಲ್ಲಿ 50 ಯೂನಿಟ್: ಮನೆ ಶುಶ್ರೂಷೆಯ ಒಂದು ಇನ್ಸುಲಿನ್ ಪ್ರಕರಣ

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮೈಸೂರಿನ ಮನೆಯೊಂದರಲ್ಲಿ 74 ವರ್ಷದ ಅಜ್ಜಿಗೆ 20 ಯೂನಿಟ್ ಇನ್ಸುಲಿನ್ ಹಾಕಬೇಕಿತ್ತು. ಮೈಗೆ ಹೋದದ್ದು 50. ಹಾಕಿದವಳು ನರ್ಸಿಂಗ್ ಡಿಪ್ಲೊಮಾ (ಜಿ.ಎನ್.ಎಂ.) ಮುಗಿಸಿ ವಾರ್ಡಿನಲ್ಲಿ ದುಡಿದು ಬಂದ ನರ್ಸ್. ಕೆಲಸ ಬಾರದವಳಲ್ಲ, ಆತುರಗೇಡಿಯೂ ಅಲ್ಲ. ಅವಳನ್ನು ಕಳಿಸಿದ ಹೋಂ ಕೇರ್ ಸಂಸ್ಥೆಯ ನರ್ಸ್‌ಗಳಿಗೆ ಔಷಧ ನಿರ್ವಹಣೆಯ ತರಗತಿ ತೆಗೆದುಕೊಳ್ಳುವುದು ನನ್ನ ಕೆಲಸ. ಹಾಗಾಗಿ ಆಗಿದ್ದೇನೆಂದು ನೋಡಿ ವರದಿ ಕೊಡಿ ಎಂದು ನನ್ನನ್ನೇ ಕೇಳಿದರು. ಮನೆಯವರ ಮತ್ತು ಆ ನರ್ಸ್‌ನ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬಿಟ್ಟು ಇಲ್ಲಿ ಬರೆದಿದ್ದೇನೆ.

ಅಜ್ಜಿಗೆ ಸಕ್ಕರೆ ಕಾಯಿಲೆ ಹಳೆಯದು. ವರ್ಷಗಳಿಂದ 30/70 ಪ್ರಿಮಿಕ್ಸ್, ಅಂದರೆ ಎರಡು ಬಗೆ ಬೆರೆಸಿದ ಇನ್ಸುಲಿನ್, ಬೆಳಿಗ್ಗೆ ಮತ್ತು ರಾತ್ರಿ. ಜೊತೆಗೆ ಮೆಟ್‌ಫಾರ್ಮಿನ್ ಮತ್ತು ವೋಗ್ಲಿಬೋಸ್ ಸೇರಿದ ಮಾತ್ರೆ, ಬಿ.ಪಿ.ಗೆ ಮೆಟೊಪ್ರೊಲಾಲ್. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಸ್ವಲ್ಪ ಏರಿತ್ತು. ಮೊದಲೆಲ್ಲ ಸೊಸೆಯೇ ಬಾಟಲಿಯಿಂದ ಇನ್ಸುಲಿನ್ ಎಳೆದು ಚುಚ್ಚುತ್ತಿದ್ದರು. ಆ ಬಾಟಲಿ ಒಂದು ಎಂ.ಎಲ್.ಗೆ 40 ಯೂನಿಟ್‌ನದು, ಸಿರಿಂಜ್ ಕೆಂಪು ಮುಚ್ಚಳದ್ದು. ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದಾಗ ಅಲ್ಲಿ ಬಾಟಲಿ ಬಿಡಿಸಿ ಇನ್ಸುಲಿನ್ ಪೆನ್ ಶುರುಮಾಡಿದರು. ಪೆನ್ನಿನೊಳಗೆ ಕೂರುವ ಇನ್ಸುಲಿನ್ ಕೊಳವೆ, ಅಂದರೆ ಕಾರ್ಟ್ರಿಡ್ಜ್, ಒಂದು ಎಂ.ಎಲ್.ಗೆ 100 ಯೂನಿಟ್‌ನದು. ಮೂರು ಎಂ.ಎಲ್., ಒಟ್ಟು 300 ಯೂನಿಟ್. ಶನಿವಾರ ಸಂಜೆ ಮನೆಗೆ ಬಂದಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಇನ್ಸುಲಿನ್ ಹೆಸರಿನ ಮುಂದೆ ಇದ್ದದ್ದು ‘20-0-12’ ಅಷ್ಟೇ. ಯಾವ ಸಾಧನ, ಯಾವ ಸಾಂದ್ರತೆ, ಒಂದು ಅಕ್ಷರವೂ ಇರಲಿಲ್ಲ.

ಪೆನ್ನಿನ ಜೊತೆ ಆಸ್ಪತ್ರೆಯವರು ಕೊಟ್ಟಿದ್ದ ಸೂಜಿಗಳು ಭಾನುವಾರ ರಾತ್ರಿಗೆ ಮುಗಿದವು. ನರ್ಸ್ ಬಂದದ್ದು ಸೋಮವಾರ ಬೆಳಿಗ್ಗೆ ಏಳಕ್ಕೆ, ಆ ಮನೆಯಲ್ಲಿ ಅವಳ ಮೊದಲ ದಿನ. ಬೀದಿಯ ಕೊನೆಯ ಮೆಡಿಕಲ್ ಶಾಪ್ ಬಾಗಿಲು ತೆಗೆಯುವುದು ಒಂಬತ್ತೂವರೆಗೆ, ಅಜ್ಜಿಯ ತಿಂಡಿ ಎಂಟಕ್ಕೆ. ಫ್ರಿಜ್ಜಿನ ಪಕ್ಕದ ಡ್ರಾಯರಿನಲ್ಲಿ ಹಳೆಯ ಸಿರಿಂಜುಗಳ ಅರ್ಧ ಪೊಟ್ಟಣ ಇತ್ತು.

“ಅಕ್ಕ, ಇದರಲ್ಲೇ ಎಳೆದು ಹಾಕಿಬಿಡ್ಲಾ?”

“ಹಾಕಿ ಸಿಸ್ಟರ್, ನಾನೂ ಇಷ್ಟು ವರ್ಷ ಅದರಲ್ಲೇ ಹಾಕಿದ್ದು.”

ಕಾರ್ಟ್ರಿಡ್ಜನ್ನು ಅಂಗೈಗಳ ನಡುವೆ ಉರುಳಿಸಿ, ಮೊಸರು ಬಣ್ಣ ಒಂದೇ ಸಮ ಆಗುವವರೆಗೆ ಬೆರೆಸಿದಳು. ರಬ್ಬರ್ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. 20ರ ಗೆರೆಯವರೆಗೆ ಎಳೆದು ಗುಳ್ಳೆ ತೆಗೆದು, ಹಿಂದಿನ ಜಾಗ ಬಿಟ್ಟು ಹೊಟ್ಟೆಯ ಇನ್ನೊಂದು ಬದಿಗೆ ಚುಚ್ಚಿದಳು. ಸಮಯ 7.45. ಚಾರ್ಟಿನಲ್ಲಿ ‘20 ಯೂನಿಟ್ಸ್’ ಎಂದು ಪೂರ್ತಿ ಬರೆದು ಸಹಿ ಹಾಕಿದಳು. ‘20U’ ಎಂದು ಬರೆದರೆ ಆ ‘U’ ಸೊನ್ನೆಯಂತೆ ಕಂಡು 200 ಆಗಬಹುದೆಂದು ನಾನೇ ತರಗತಿಯಲ್ಲಿ ಹೇಳಿಕೊಟ್ಟಿದ್ದೆ. ಅದನ್ನವಳು ಮರೆತಿರಲಿಲ್ಲ.

ಫೈವ್ ರೈಟ್ಸ್ ಎಂದು ನರ್ಸಿಂಗ್‌ನಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸುತ್ತೇವೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಅವಳ ಚಾರ್ಟನ್ನು ಇಟ್ಟುಕೊಂಡು ಒಂದೊಂದನ್ನೇ ನೋಡಿದರೆ ಐದಕ್ಕೂ ಗುರುತು ಹಾಕಬಹುದು. ಬರೆದದ್ದು 20, ಎಳೆದ ಗೆರೆ 20, ದಾಖಲಿಸಿದ್ದು 20. ಈ ಪ್ರಕರಣವನ್ನು ಬರೆಯುತ್ತಿರುವುದೇ ಇದಕ್ಕಾಗಿ. ಪಟ್ಟಿಯಿಂದ ತಪ್ಪಿಸಿಕೊಳ್ಳುವ ತಪ್ಪುಗಳಿವೆ. ಔಷಧ ಹೇಗೆ ಕೆಲಸ ಮಾಡುತ್ತದೆ, ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬ ತಿಳಿವಳಿಕೆಗೆ ಮಾತ್ರ ಅವು ಸಿಕ್ಕಿಬೀಳುತ್ತವೆ.

ಲೆಕ್ಕ ಸರಳ. ಯೂನಿಟ್ ಎನ್ನುವುದು ಔಷಧದ ಶಕ್ತಿಯ ಅಳತೆ, ಸಿರಿಂಜ್ ಅಳೆಯುವುದು ದ್ರವವನ್ನು. ಸಿರಿಂಜಿನ ಮೇಲಿನ ಗೆರೆಗಳು ‘ನನ್ನೊಳಗೆ ಇಂಥ ಸಾಂದ್ರತೆಯ ಇನ್ಸುಲಿನ್ ಇದೆ’ ಎಂದು ಮೊದಲೇ ನಂಬಿಕೊಂಡು ಹಾಕಿದ ಗೆರೆಗಳು. ಕೆಂಪು ಮುಚ್ಚಳದ ಯು-40 ಸಿರಿಂಜಿನಲ್ಲಿ ಒಂದು ಎಂ.ಎಲ್.ಗೆ 40 ಗೆರೆ. 20ರ ಗೆರೆ ಅಂದರೆ ಅರ್ಧ ಎಂ.ಎಲ್. ಬಾಟಲಿಯ ಇನ್ಸುಲಿನ್‌ನಲ್ಲಿ ಅರ್ಧ ಎಂ.ಎಲ್.ಗೆ 20 ಯೂನಿಟ್ಟೇ ಇರುತ್ತದೆ. ಕಾರ್ಟ್ರಿಡ್ಜಿನ ಇನ್ಸುಲಿನ್‌ನಲ್ಲಿ ಅದೇ ಅರ್ಧ ಎಂ.ಎಲ್.ಗೆ 50 ಯೂನಿಟ್. ಎರಡೂವರೆ ಪಟ್ಟು. ಕೇಸರಿ ಮುಚ್ಚಳದ ಯು-100 ಸಿರಿಂಜ್ ಆಗಿದ್ದರೆ 20ರ ಗೆರೆಗೆ 0.2 ಎಂ.ಎಲ್. ಬಂದು ಲೆಕ್ಕ ಕೂಡುತ್ತಿತ್ತು. ಆದರೂ ಕಾರ್ಟ್ರಿಡ್ಜಿಗೆ ಸಿರಿಂಜ್ ಚುಚ್ಚುವುದು ತಪ್ಪೇ. ಒಳಗೆ ಗಾಳಿ ಹೊಕ್ಕು, ಮುಂದೆ ಪೆನ್ನಿನಿಂದ ಹಾಕುವ ಪ್ರಮಾಣವೂ ಕೆಡುತ್ತದೆ. ಬ್ರಿಟನ್ನಿನ ಎನ್.ಎಚ್.ಎಸ್. 2016ರಲ್ಲೇ ಪೆನ್ನಿನಿಂದ ಸಿರಿಂಜಿಗೆ ಇನ್ಸುಲಿನ್ ಎಳೆಯಬೇಡಿ ಎಂದು ದೇಶಕ್ಕೆಲ್ಲ ಎಚ್ಚರಿಕೆ ಹೊರಡಿಸಿತ್ತು. ಅವರ ಭಯ ಒಂದು ಎಂ.ಎಲ್.ಗೆ 200, 300 ಯೂನಿಟ್‌ನ ಗಟ್ಟಿ ಇನ್ಸುಲಿನ್ ಪೆನ್ನುಗಳದ್ದು. ಅಲ್ಲಿ ಮನುಷ್ಯರಿಗೆ 40ರ ಬಾಟಲಿ ಕೊಡುವುದು ನಿಂತು ದಶಕಗಳಾದವು. ನಮ್ಮಲ್ಲಿ 40 ಮತ್ತು 100 ಎರಡೂ ಒಂದೇ ಅಂಗಡಿಯಲ್ಲಿ, ಎಷ್ಟೋ ಸಲ ಒಂದೇ ಮನೆಯ ಒಂದೇ ಫ್ರಿಜ್ಜಿನಲ್ಲಿ ಇರುತ್ತವೆ.

ಇನ್ನು ಆ ದಿನದ ಕಥೆ. ಸೋಂಕಿನಿಂದ ಎದ್ದ ಅಜ್ಜಿಗೆ ಬಾಯಿರುಚಿ ಇರಲಿಲ್ಲ. ಎಂಟೂಕಾಲಕ್ಕೆ ಎರಡು ಇಡ್ಲಿ ಬಡಿಸಿದರೆ ಒಂದೂವರೆ ತಿಂದು ತಟ್ಟೆ ಸರಿಸಿದರು. ಹತ್ತರ ಹೊತ್ತಿಗೆ ಹಣೆ, ಕುತ್ತಿಗೆ ಬೆವರತೊಡಗಿತು. “ಯಾಕ್ ಮಗಾ ಇಷ್ಟೊಂದು ಸೆಕೆ ಇವತ್ತು” ಎಂದರು. ಏಪ್ರಿಲ್ ತಾನೆ, ಸೆಕೆ ಎಲ್ಲರಿಗೂ ಇತ್ತು. ನರ್ಸ್ ಫ್ಯಾನ್ ಜೋರು ಮಾಡಿ, ಸುಮ್ಮನಿರದೆ ನಾಡಿ ಹಿಡಿದು ನೋಡಿದಳು: 68. ಬಿ.ಪಿ. ಸರಿಯಾಗಿತ್ತು. ಸಕ್ಕರೆ ಇಳಿದಿದ್ದರೆ ಎದೆ ಡವಡವ ಎನ್ನಬೇಕು, ನಾಡಿ ಓಡಬೇಕು ಎಂದು ಅವಳು ಓದಿದ್ದಳು. ನಾಡಿ ನಿಧಾನವಾಗಿಯೇ ಇದ್ದುದರಿಂದ ಗ್ಲೂಕೋಮೀಟರ್ ತೆಗೆಯಲಿಲ್ಲ.

ಮೆಟೊಪ್ರೊಲಾಲ್ ಮೋಸ ಮಾಡಿದ್ದು ಇಲ್ಲಿ. ರಕ್ತದಲ್ಲಿ ಸಕ್ಕರೆ ಕುಸಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ, ಹೃದಯದ ಬೀಟಾ ರಿಸೆಪ್ಟರ್‌ಗಳ ಮೇಲೆ ಅದು ಬಡಿದು ನಾಡಿ ಏರುತ್ತದೆ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಆ ಬಾಗಿಲನ್ನೇ ಮುಚ್ಚಿರುತ್ತದೆ. ಬೆವರು ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಬೆವರು ಗ್ರಂಥಿಗೆ ಹೋಗುವ ಸಿಂಪಥೆಟಿಕ್ ನರ ಸಂದೇಶ ಕಳಿಸುವುದು ಅಸಿಟೈಲ್‌ಕೋಲಿನ್ ಎಂಬ ಬೇರೆ ರಾಸಾಯನಿಕದ ಮೂಲಕ. ಬೀಟಾ ಬ್ಲಾಕರ್‌ಗೂ ಅದಕ್ಕೂ ಸಂಬಂಧವಿಲ್ಲ. ‘ಬೀಟಾ ಬ್ಲಾಕರ್: ಹೈಪೊಗ್ಲೈಸೀಮಿಯಾದ (ಸಕ್ಕರೆ ಕುಸಿತದ) ಲಕ್ಷಣ ಮರೆಮಾಚುತ್ತದೆ’ ಎಂಬ ಸಾಲು ನಮ್ಮ ಎಲ್ಲ ನೋಟ್ಸ್‌ನಲ್ಲೂ ಇದೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ. ಯಾವುದನ್ನು ಮುಚ್ಚಿ ಯಾವುದನ್ನು ಬಿಡುತ್ತದೆ, ಏಕೆ ಬಿಡುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಬೆವರಿದ ಹಣೆ ಮತ್ತು 68ರ ನಾಡಿ ಜೋಡಿಯಾಗಿ ಕಂಡಾಗ ಭಯವಾಗುತ್ತದೆ.

ಹತ್ತು ಮುಕ್ಕಾಲಿಗೆ ಅಜ್ಜಿ ಸೊಸೆಯನ್ನು ತಮ್ಮ ತೀರಿಹೋದ ತಂಗಿಯ ಹೆಸರಿನಿಂದ ಕರೆದರು. ಸೆರಗಿನ ಅಂಚನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. “ಅತ್ತೆ, ಏನ್ ಮಾಡ್ತಿದೀರಿ?” ಎಂದರೆ ಉತ್ತರವಿಲ್ಲ. ಆಗ ಗ್ಲೂಕೋಮೀಟರ್ ಬಂತು: 46. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಲೋ ಶುಗರ್, 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೆ ಸಕ್ಕರೆ ಸಾಲದೆ ಮಾತು ನಡತೆ ಹದಗೆಡುವ ಮಟ್ಟ. ಸೆರಗು ಮಡಿಸುತ್ತಿದ್ದುದು ಅದೇ.

ನರ್ಸ್ ಕಲಿತಂತೆಯೇ ಮಾಡಿದಳು. ನುಂಗಲು ಆಗುತ್ತದೆಯೇ ನೋಡಿ, ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದಳು, ಹದಿನೈದು ನಿಮಿಷ ಕಾದು ಮತ್ತೆ ನೋಡಿದಳು. 49. ಇನ್ನೊಂದು ಲೋಟ. 47. ಮನೆಯವರಿಗೆ ಮೀಟರ್ ಮೇಲೇ ಅನುಮಾನ ಬಂತು. ಎರಡು ಲೋಟ ಸಕ್ಕರೆ ನೀರು ಕುಡಿದ ಮೇಲೂ ಏರದ ಸಕ್ಕರೆಯನ್ನು ಅವರು ಎಲ್ಲಿ ಕಂಡಿದ್ದರು?

ಏರದಿರಲು ಎರಡು ಕಾರಣ. ಒಂದು, ಒಳಗೆ 50 ಯೂನಿಟ್ ಕೂತಿತ್ತು. ಇನ್ನೊಂದು, ತಿಂಡಿಯ ಜೊತೆ ನುಂಗಿದ್ದ ಮಾತ್ರೆಯಲ್ಲಿದ್ದ ವೋಗ್ಲಿಬೋಸ್. ಅಡುಗೆ ಮನೆಯ ಸಕ್ಕರೆ ಸುಕ್ರೋಸ್. ಕರುಳಿನ ಕಿಣ್ವ ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದರಷ್ಟೇ ರಕ್ತಕ್ಕೆ ಹೋಗುತ್ತದೆ. ಆ ಕಿಣ್ವವನ್ನು ತಡೆಹಿಡಿಯುವುದೇ ವೋಗ್ಲಿಬೋಸ್, ಅಕಾರ್ಬೋಸ್‌ಗಳ ಕೆಲಸ. ಊಟದ ನಂತರ ಸಕ್ಕರೆ ಜಿಗಿಯದಿರಲಿ ಎಂದು ಕೊಡುವ ಮಾತ್ರೆ, ಪ್ರಾಣಸಂಕಟದ ಹೊತ್ತಿನಲ್ಲೂ ಅದೇ ಕೆಲಸ ಮಾಡುತ್ತದೆ. ಇಂಥ ಮಾತ್ರೆ ನುಂಗುವವರಿಗೆ ಲೋ ಶುಗರ್ ಆದಾಗ ಸಾದಾ ಗ್ಲೂಕೋಸ್ ಪುಡಿಯೇ ಬೇಕು. ಅದನ್ನು ಒಡೆಯುವ ಅಗತ್ಯವಿಲ್ಲ, ನೇರ ಒಳಗೆ ಹೋಗುತ್ತದೆ. ಡಯಾಬಿಟಿಸ್‌ನ ಎಷ್ಟೋ ಜೋಡಿ ಮಾತ್ರೆಗಳಲ್ಲಿ ವೋಗ್ಲಿಬೋಸ್ ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ಒಂದೆರಡು ಅಕ್ಷರವಾಗಿ ಕಾಣಬಹುದು, ಅಷ್ಟೇ. ಮಾತ್ರೆಯ ಹಾಳೆಯನ್ನು ತಿರುಗಿಸಿ ಸಣ್ಣಕ್ಷರದಲ್ಲಿರುವ ಘಟಕಗಳನ್ನು ಓದಿ ಎಂದು ನಾನು ಗೊಣಗುವುದು ಇದಕ್ಕೇ.

ಮೂರನೆಯ ಲೋಟ ತರುವಷ್ಟರಲ್ಲಿ ಅಜ್ಜಿಗೆ ಮಂಪರು ಹತ್ತಿತು. ಮಗ ತಲೆ ಎತ್ತಿ ಹಿಡಿದು ಕುಡಿಸಲು ಹೋದರು. “ಬೇಡಣ್ಣ, ಶ್ವಾಸಕೋಶಕ್ಕೆ ಹೋಗುತ್ತೆ” ಎಂದು ನರ್ಸ್ ಲೋಟವನ್ನು ಕಿತ್ತುಕೊಂಡಳು. ಅಜ್ಜಿಯನ್ನು ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿಸಿದಳು. ಆ ದಿನದ ಅತ್ಯಂತ ಒಳ್ಳೆಯ ನಿರ್ಧಾರ ಇದು, ಮತ್ತು ಇದನ್ನು ಮಾಡಿದವಳೂ ಅವಳೇ. ಮುಂದೆ ಸಂಸ್ಥೆಯ ಸಭೆಯಲ್ಲಿ ಇದನ್ನು ಯಾರೂ ಎತ್ತಲಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತೇನೆ.

ಕ್ಯಾಶುಯಾಲ್ಟಿಯಲ್ಲಿ ರಕ್ತನಾಳಕ್ಕೆ 25% ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಹಾಕಿದ ಕೆಲವೇ ನಿಮಿಷಗಳಲ್ಲಿ ಅಜ್ಜಿ ಕಣ್ಣು ಬಿಟ್ಟು, ಇದ್ಯಾವ ಮನೆ ಎಂದು ಕೇಳಿದರು. ಸಕ್ಕರೆ 160 ದಾಟಿತ್ತು. ಮನೆಯವರು ವಾಪಸ್ ಕರೆದೊಯ್ಯಲು ಸಿದ್ಧರಾದರು. ಡ್ಯೂಟಿ ಡಾಕ್ಟರ್ ಬಿಡಲಿಲ್ಲ. 30/70ರಲ್ಲಿ ಮೂವತ್ತು ಭಾಗ ರೆಗ್ಯುಲರ್ ಇನ್ಸುಲಿನ್. ಅರ್ಧ ಗಂಟೆಗೆ ಶುರುವಾಗಿ ಕೆಲವು ಗಂಟೆಗಳಲ್ಲಿ ತನ್ನ ಕೆಲಸ ಮುಗಿಸುತ್ತದೆ. ಉಳಿದ ಎಪ್ಪತ್ತು ಭಾಗ ಎನ್.ಪಿ.ಎಚ್.; ಅದರ ಜೋರು ಕಾಣುವುದೇ ನಾಲ್ಕು ಗಂಟೆಯ ನಂತರ, ಪರಿಣಾಮ ಹೆಚ್ಚುಕಡಿಮೆ ಇಡೀ ದಿನ ಎಳೆಯುತ್ತದೆ. ಹೊರಗಿನಿಂದ ಚುಚ್ಚಿದ ಇನ್ಸುಲಿನ್ನನ್ನು ವಿಲೇವಾರಿ ಮಾಡುವುದರಲ್ಲಿ ಮೂತ್ರಪಿಂಡದ ಪಾಲು ದೊಡ್ಡದು, ಅಜ್ಜಿಯ ಮೂತ್ರಪಿಂಡ ಮೊದಲೇ ಸೋತಿತ್ತು. ಡಾಕ್ಟರ್ 10% ಡೆಕ್ಸ್‌ಟ್ರೋಸ್ ಡ್ರಿಪ್ ಏರಿಸಿ ಗಂಟೆಗೊಮ್ಮೆ ಸಕ್ಕರೆ ನೋಡಲು ಹೇಳಿದರು. ಸಂಜೆ ಐದಕ್ಕೆ ಡ್ರಿಪ್ ನಡೆಯುತ್ತಿದ್ದಾಗಲೇ ಮತ್ತೆ 62ಕ್ಕೆ ಬಂತು. ಮಧ್ಯಾಹ್ನವೇ ಮನೆಗೆ ಹೋಗಿದ್ದರೆ ಆ 62 ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಅಜ್ಜಿ ಮೂರನೆಯ ದಿನ ಚೇತರಿಸಿಕೊಂಡು ಮನೆಗೆ ಬಂದರು.

ವಿಚಿತ್ರವೆಂದರೆ ಅವತ್ತು ಆಸ್ಪತ್ರೆಯಲ್ಲೂ ತಪ್ಪು ಯಾರಿಗೂ ಹೊಳೆಯಲಿಲ್ಲ. “ಎಷ್ಟು ಹಾಕಿದ್ರಿ?” ಎಂದರು, “ಇಪ್ಪತ್ತು” ಎಂದಳು. ಊಟ ಸೇರಿಲ್ಲ, ಕಿಡ್ನಿ ಸರಿಯಿಲ್ಲ, ಅದಕ್ಕೇ ಆಗಿರಬೇಕು ಎಂದು ಬರೆದುಕೊಂಡರು. ಅವೂ ಸುಳ್ಳಲ್ಲ. ನನಗೆ ಅನುಮಾನ ಬಂದದ್ದು ಆ ಮನೆಯ ಊಟದ ಮೇಜಿನ ಮೇಲೆ ಪೆನ್ನನ್ನು ಕೈಗೆತ್ತಿಕೊಂಡಾಗ. ಕಾರ್ಟ್ರಿಡ್ಜನ್ನು ಪೆನ್ನಿಗೆ ಮತ್ತೆ ಹಾಕಿಟ್ಟಿದ್ದರು, ಪಕ್ಕದ ಕಿಂಡಿಯ ಅಳತೆಯಲ್ಲಿ ಉಳಿದ ಮಟ್ಟ ಕಾಣುತ್ತಿತ್ತು. ಶನಿವಾರ ರಾತ್ರಿ 12, ಭಾನುವಾರ 20 ಮತ್ತು 12. ಪ್ರತಿ ಸಲ ಚುಚ್ಚುವ ಮೊದಲು ಗಾಳಿ ತೆಗೆಯಲು ಎರಡೆರಡು ಯೂನಿಟ್ ಹೊರಚೆಲ್ಲಿದ್ದು 6. ಒಟ್ಟು 50. ಸೋಮವಾರದ 20 ಸೇರಿಸಿದರೆ 70; 300ರಲ್ಲಿ ಉಳಿಯಬೇಕಾದದ್ದು 230. ಕಿಂಡಿಯಲ್ಲಿ ಕಂಡದ್ದು 200ರ ಗೆರೆ, ಜೊತೆಗೆ ಕಡಲೆಕಾಳಿನಷ್ಟು ದೊಡ್ಡ ಗಾಳಿಗುಳ್ಳೆ. ಪೆನ್ನಿನಿಂದಲೇ ಸರಿಯಾಗಿ ಹಾಕಿದರೆ ಅಂಥ ಗುಳ್ಳೆ ಸಾಮಾನ್ಯವಾಗಿ ಬರುವುದಿಲ್ಲ. ಸ್ವಲ್ಪ ಹೆಚ್ಚುಕಡಿಮೆ ಇರಲಿ, 30 ಯೂನಿಟ್ ಎಲ್ಲಿ ಹೋಯಿತು? ಆ ದಿನದ ಸಿರಿಂಜ್ ಕಸದ ಡಬ್ಬಿಗೆ ಹೋಗಿರಲಿಲ್ಲ. ಚುಚ್ಚಿದ ಸೂಜಿಗಳನ್ನು ಹಾಕಲು ನರ್ಸ್ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇಟ್ಟಿದ್ದಳು, ಅದರ ತಳದಲ್ಲಿ ಕೆಂಪು ಮುಚ್ಚಳ ಕಂಡಿತು. ಅವಳ ಒಳ್ಳೆಯ ಅಭ್ಯಾಸವೇ ಸಾಕ್ಷಿ ಒದಗಿಸಿತು.

ತೋರಿಸಿದಾಗ ಅವಳು ಅಳಲಿಲ್ಲ. ಸುಮಾರು ಹೊತ್ತು ಸಿರಿಂಜನ್ನು ತಿರುಗಿಸಿ ನೋಡಿ, “ಮೇಡಂ, ವಾರ್ಡಲ್ಲಿ ನಮಗೆ ಯಾವಾಗ್ಲೂ ಒಂದೇ ಥರ ಬರ್ತಿತ್ತು” ಎಂದಳು. ಅದು ನಿಜವಾದ ಉತ್ತರ. ಆಸ್ಪತ್ರೆಯ ಸ್ಟೋರ್ ಒಂದೇ ಸಾಂದ್ರತೆ, ಅದಕ್ಕೆ ಹೊಂದುವ ಒಂದೇ ಸಿರಿಂಜ್ ಕೊಟ್ಟು ಈ ಪ್ರಶ್ನೆಯೇ ಏಳದಂತೆ ಮಾಡಿರುತ್ತದೆ. ಮನೆಯಲ್ಲಿ ಆ ಸ್ಟೋರಿನ ಕೆಲಸ ಮಾಡುವವರು ಯಾರೂ ಇಲ್ಲ. ಡ್ರಾಯರ್ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿ ತಗ್ಗಿಸಲು ಜಾಗತಿಕ ಕಾರ್ಯಕ್ರಮ ಆರಂಭಿಸಿದಾಗ ಮೂರು ಕಡೆ ವಿಶೇಷ ಗಮನ ಕೊಡಿ ಎಂದಿತು: ಅಪಾಯ ಹೆಚ್ಚಿರುವ ಔಷಧ ಮತ್ತು ಸಂದರ್ಭ, ಒಬ್ಬರೇ ಹಲವು ಔಷಧ ನುಂಗುವ ಸ್ಥಿತಿ, ಒಂದು ಆರೈಕೆಯಿಂದ ಇನ್ನೊಂದಕ್ಕೆ ದಾಟುವ ಹೊತ್ತು. ಈ ಮನೆಯಲ್ಲಿ ಮೂರೂ ಒಂದೇ ಬೆಳಗಿನಲ್ಲಿ ಕೂಡಿದ್ದವು. ಅಂಥ ದಾಖಲೆಗಳನ್ನು ನಾವು ತರಗತಿಯಲ್ಲಿ ಸ್ಲೈಡ್ ಮಾಡಿ ತೋರಿಸುತ್ತೇವೆ. ಕೆಂಪು ಮತ್ತು ಕೇಸರಿ ಮುಚ್ಚಳವನ್ನು ಅಕ್ಕಪಕ್ಕ ಇಟ್ಟು ತೋರಿಸುವವರು ಕಡಿಮೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆ ಎರಡು ಬಣ್ಣಗಳ ಅಂತರವೂ ಅಂಥ ದೊಡ್ಡದಲ್ಲ. ನಂಬಬೇಕಾದದ್ದು ಸಿರಿಂಜಿನ ಮೈಮೇಲೆ ಅಚ್ಚಾದ ‘ಯು-40’, ‘ಯು-100’ ಎಂಬ ಬರಹವನ್ನು.

ಈಗ ನಮ್ಮ ತರಗತಿಯಲ್ಲಿ ಇನ್ಸುಲಿನ್ ಪಾಠ ಶುರುವಾಗುವುದು ಬಣ್ಣದ ನೀರಿನಿಂದ. ಎರಡೂ ಸಿರಿಂಜುಗಳಲ್ಲಿ 20ರ ಗೆರೆಗೆ ಎಳೆದು ಪಕ್ಕಪಕ್ಕದ ಎರಡು ಲೋಟಕ್ಕೆ ಹಾಕಿಸುತ್ತೇನೆ. ಅರ್ಧ ಎಂ.ಎಲ್. ಮತ್ತು 0.2 ಎಂ.ಎಲ್. ಕಣ್ಣಿಗೆ ಕಂಡ ಮೇಲೆ ಸೂತ್ರ ಬಾಯಿಪಾಠ ಮಾಡಬೇಕಾಗಿಲ್ಲ. ಆಮೇಲೆ ತಿರುಗುಮುರುಗು ಪ್ರಶ್ನೆ: 40ರ ಬಾಟಲಿಯಿಂದ ಕೇಸರಿ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ? ಎಂಟೇ ಯೂನಿಟ್. ಇದು ಇನ್ನೂ ಕಪಟದ ತಪ್ಪು. ಯಾರೂ ಬೆವರುವುದಿಲ್ಲ, ಯಾರೂ ಪ್ರಜ್ಞೆ ತಪ್ಪುವುದಿಲ್ಲ. ಸಕ್ಕರೆ 300ರಲ್ಲಿ ನಿಲ್ಲುತ್ತದೆ, ಡಾಕ್ಟರ್ ಪ್ರಮಾಣ ಏರಿಸುತ್ತಾ 40ಕ್ಕೆ ತರುತ್ತಾರೆ. ಮುಂದೊಂದು ದಿನ ಸರಿಯಾದ ಸಿರಿಂಜ್ ಸಿಕ್ಕಾಗ ಆ 40 ನಿಜವಾಗಿಯೂ 40 ಆಗುತ್ತದೆ. ಸರಿಯಾದ ಕೆಲಸ ಮಾಡಿದ ದಿನವೇ ರೋಗಿ ಬೀಳುತ್ತಾರೆ. ಸಕ್ಕರೆ ಏರಿಳಿತಕ್ಕೆ ಕಾರಣ ಹುಡುಕುವಾಗ ರೋಗಿ ಕದ್ದು ಸಿಹಿ ತಿಂದರೆಂದು ಗದರುವ ಮೊದಲು ಬಾಟಲಿ ಮತ್ತು ಸಿರಿಂಜನ್ನು ತರಿಸಿ ನೋಡಬೇಕು.

ಆ ಮನೆಯಲ್ಲಿ ಮಾಡಿದ್ದಿಷ್ಟು. ಕೆಂಪು ಮುಚ್ಚಳದ ಪೊಟ್ಟಣ ಮತ್ತು ಗಾಳಿ ಹೊಕ್ಕ ಕಾರ್ಟ್ರಿಡ್ಜ್ ಮನೆಯಿಂದ ಹೊರಗೆ. ಪೆನ್ನೇ ಮುಂದುವರಿಯಿತು, ಸೂಜಿಯ ಎರಡನೆಯ ಡಬ್ಬಿ ಬಿಚ್ಚುವ ದಿನವೇ ಮುಂದಿನದನ್ನು ತರಿಸುವುದೆಂದಾಯಿತು. ಚಾರ್ಟಿನಲ್ಲಿ ಯೂನಿಟ್ ಪಕ್ಕದಲ್ಲಿ ಸಾಂದ್ರತೆ ಮತ್ತು ಸಾಧನಕ್ಕೆ ಒಂದೊಂದು ಅಂಕಣ ಬಂತು. ಹೊಸ ಮನೆಗೆ ಹೋದ ನರ್ಸ್ ಮೊದಲ ದಿನ ಇನ್ಸುಲಿನ್ ಲೇಬಲ್ ಮತ್ತು ಹೊಂದಿಸಿದ ಪೆನ್ನು ಅಥವಾ ತುಂಬಿದ ಸಿರಿಂಜನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆದು ಮೇಲ್ವಿಚಾರಕ ನರ್ಸ್‌ಗೆ ವಾಟ್ಸಾಪ್ ಮಾಡಿ, ಉತ್ತರ ಬಂದ ಮೇಲಷ್ಟೇ ಚುಚ್ಚಬೇಕು. ಮನೆಯಲ್ಲಿ ಎರಡನೆಯ ಕಣ್ಣು ಬೇರೆ ಎಲ್ಲಿಂದ ಬರಬೇಕು? ಅಜ್ಜಿಯ ಡಾಕ್ಟರ್ ವೋಗ್ಲಿಬೋಸ್ ನಿಲ್ಲಿಸಿ, ಹಸಿವು ಸರಿಯಾಗುವವರೆಗೆ ಬೆಳಗಿನ ಇನ್ಸುಲಿನ್ನನ್ನೂ ಇಳಿಸಿದರು. ಮೆಟೊಪ್ರೊಲಾಲ್ ಉಳಿಯಿತು, ಆದ್ದರಿಂದ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಸೊಸೆ ದಪ್ಪಕ್ಷರದಲ್ಲಿ ಬರೆದಿದ್ದಾರೆ: ‘ಬೆವರಿದರೆ ನಾಡಿ ನೋಡಬೇಡಿ, ಸಕ್ಕರೆ ನೋಡಿ.’ ಔಷಧಶಾಸ್ತ್ರದ ಒಂದು ಅಧ್ಯಾಯ ಆ ಒಂದು ಸಾಲಿನಲ್ಲಿದೆ, ಬರೆದವರು ಬಿ.ಕಾಂ.

ಸಂಸ್ಥೆ ಮೊದಲು ಆ ನರ್ಸ್‌ನನ್ನು ತೆಗೆದುಹಾಕುವ ಯೋಚನೆಯಲ್ಲಿತ್ತು. ಅವಳನ್ನು ತೆಗೆದರೆ ಉಳಿದ ಮನೆಗಳ ಡ್ರಾಯರಿನ ಸಿರಿಂಜುಗಳು ಹೋಗುವುದಿಲ್ಲ ಎಂದು ವರದಿಯಲ್ಲಿ ಬರೆದೆ. ಅವಳು ಅದೇ ಮನೆಗೆ ಹೋಗುವುದು ಬೇಡವೆಂದು ನಾವು ಅಂದುಕೊಂಡಿದ್ದೆವು. ಅಜ್ಜಿಯೇ “ಆ ಹುಡುಗಿ ಚುಚ್ಚಿದ್ರೆ ನೋಯಲ್ಲ” ಎಂದು ಕರೆಸಿಕೊಂಡರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇನ್ಸುಲಿನ್ ಸಾಂದ್ರತೆ ಮತ್ತು ಸಾಧನ ನಮೂದಿಸುವಂತೆ ಆಸ್ಪತ್ರೆಗೆ ಪತ್ರ ಬರೆದೆವು. ಈಗ ಅಲ್ಲಿಂದ ಬರುವ ಸಮ್ಮರಿಗಳಲ್ಲಿ ‘ಪೆನ್’ ಎಂಬ ಪದ ಸೇರಿದೆ. ಸಾಂದ್ರತೆ ಇನ್ನೂ ಬಂದಿಲ್ಲ, ಎರಡನೆಯ ಪತ್ರ ಕಳಿಸಿದ್ದೇವೆ.